ದಿಲ್ಲಿಗೆ ಬಂದ ಸೈನ್ಯ

ದೆಹಲಿ ನೋಡಿ ಬಂದ ನಮ್ಮೂರಿನ ಹೆಂಗಸರನ್ನು ‘ಕೆಂಪು ಕೋಟೆಯಲ್ಲಿ ಏನು ನೋಡಿದಿರಿ?’ ಎಂದು ಕೇಳಿದರೆ ಮೊದಲು ಬರುವ ಉತ್ತರ ಛತ್ತಾ ಚೌಕದ ಬಳೆ ಅಂಗಡಿಗಳದ್ದು. ಆಮೇಲೆ ಪ್ರಧಾನಿ ಧ್ವಜ ಏರಿಸುವ ಜಾಗ, ದಿವಾನ್-ಇ-ಆಮ್‌ನ ಕಂಬಗಳು, ಬಾದಶಹನ ಸಿಂಹಾಸನ ಇದ್ದ ಕಟ್ಟೆ. ಅಷ್ಟಾಗುವಾಗ ಕಾಲು ಸೋತಿರುತ್ತದೆ, ಗೈಡು ಆತುರ ಮಾಡುತ್ತಾನೆ, ಬಸ್ಸು ಕಾಯುತ್ತಿರುತ್ತದೆ. ಪಕ್ಕದಲ್ಲಿ ಸಾಲಾಗಿ ನಿಂತ ಉದ್ದನೆಯ ಕಟ್ಟಡಗಳ ಕಡೆಗೆ ಯಾರೂ ತಿರುಗುವುದಿಲ್ಲ. ತಿರುಗುವಂತೆಯೂ ಅವು ಇಲ್ಲ. ಮೊಗಲರ ಅಮೃತಶಿಲೆಯ ಪಕ್ಕದಲ್ಲಿ ಅವು ಸರ್ಕಾರಿ ಆಸ್ಪತ್ರೆಯ ವಾರ್ಡುಗಳ ಹಾಗೆ ಕಾಣುತ್ತವೆ. 1857ರ ದಂಗೆಯನ್ನು ಅಡಗಿಸಿದ ಬ್ರಿಟಿಷರು ಅರಮನೆಯ ಎಷ್ಟೋ ಭಾಗವನ್ನು ಕೆಡವಿ, ತಮ್ಮ ಸಿಪಾಯಿಗಳಿಗಾಗಿ ಕಟ್ಟಿಸಿಕೊಂಡ ಬ್ಯಾರಕ್ಕುಗಳು ಅವು. ಅಂಥದೊಂದು ಬ್ಯಾರಕ್ಕಿನಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ವಸ್ತುಸಂಗ್ರಹಾಲಯ 2019ರ ಜನವರಿ 23ರಂದು ತೆರೆಯಿತು.

ನಾನು ಅದನ್ನು ನೋಡಿದ್ದು 2022ರ ಡಿಸೆಂಬರಿನಲ್ಲಿ. ನಮ್ಮವರೂ ನನ್ನ ನಾದಿನಿಯೂ ಬಿಸಿಲು ಬಿದ್ದ ಹುಲ್ಲಿನ ಮೇಲೆ ಕೂತು ಕಿತ್ತಳೆ ಸುಲಿಯತೊಡಗಿದ್ದರು. ‘ನೀನು ಹೋಗಿ ನೋಡಿಕೊಂಡು ಬಾ, ನಿನಗೆ ಪಾಠಕ್ಕೆ ಬೇಕಾಗುತ್ತೆ’ ಎಂದರು. ಮೇಷ್ಟರ ಕೆಲಸದಲ್ಲಿರುವ ಹೆಂಗಸಿಗೆ ಇದೊಂದು ಅನುಕೂಲ. ಏನು ನೋಡಬೇಕೆನಿಸಿದರೂ ಪಾಠದ ನೆಪ ಹೇಳಬಹುದು.

ಒಳಗೆ ನೇತಾಜಿ ಬಳಸಿದ ಮರದ ಕುರ್ಚಿ ಇದೆ, ಖಡ್ಗ ಇದೆ, ಪದಕಗಳು, ಬಿಲ್ಲೆಗಳು, ಸಮವಸ್ತ್ರಗಳು ಇವೆ. ಗೋಡೆಯ ತುಂಬ ಚಿತ್ರಗಳು. ಕುರ್ಚಿಯ ಮುಂದೆ ನಿಂತಾಗ ನನಗೆ ಅನಿಸಿದ್ದು, ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರ ಕೋಣೆಯಲ್ಲಿ ಇದಕ್ಕಿಂತ ದೊಡ್ಡ ಕುರ್ಚಿ ಇದೆಯಲ್ಲ ಎಂದು. ಆದರೆ ಆ ಕಟ್ಟಡದಲ್ಲಿ ನನ್ನನ್ನು ನಿಲ್ಲಿಸಿದ್ದು ಗಾಜಿನೊಳಗಿನ ಸಾಮಾನಲ್ಲ, ಆ ಜಾಗವೇ.

ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಗೆ ಬಿತ್ತು. ಎರಡು ದಿನದ ನಂತರ ಫ್ಯಾರರ್ ಪಾರ್ಕ್ ಎಂಬ ಮೈದಾನದಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕ ಭಾರತೀಯ ಸಿಪಾಯಿಗಳನ್ನು ಕೂರಿಸಿ, ಅವರ ಇಂಗ್ಲಿಷ್ ಅಧಿಕಾರಿಗಳಿಂದ ಬೇರೆ ಮಾಡಿ ಜಪಾನೀಯರಿಗೆ ಒಪ್ಪಿಸಲಾಯಿತು. ಬೆಳಿಗ್ಗೆ ಒಬ್ಬ ಯಜಮಾನ, ಸಂಜೆ ಇನ್ನೊಬ್ಬ. ಆ ಕೈದಿಗಳೊಳಗಿಂದ ಕ್ಯಾಪ್ಟನ್ ಮೋಹನ್ ಸಿಂಗ್ ಮೊದಲ ಸೈನ್ಯ ಕಟ್ಟಿದರು. ಜಪಾನೀಯರೊಡನೆ ಜಗಳವಾಗಿ ಅದು ಮುರಿಯಿತು. 1943ರ ಜುಲೈಯಲ್ಲಿ ನೇತಾಜಿ ಸಿಂಗಪುರಕ್ಕೆ ಬಂದ ಮೇಲೆ ಅದಕ್ಕೆ ಮರುಜೀವ. ಈ ಬಾರಿ ಕೈದಿಗಳ ಜೊತೆಗೆ ಮಲಯದಲ್ಲಿ, ಬರ್ಮಾದಲ್ಲಿ ನೆಲೆಸಿದ್ದ ಸಾಮಾನ್ಯ ಜನರೂ ಸೇರಿದರು. ‘ದಿಲ್ಲಿ ಚಲೋ’ ಎಂಬುದು ಅವರ ಕೂಗು. ಕೆಂಪು ಕೋಟೆಯಲ್ಲಿ ವಿಜಯದ ಕವಾಯತು ನಡೆಸುವವರೆಗೂ ನಮ್ಮ ಕೆಲಸ ಮುಗಿಯದು ಎಂದು ಬೋಸರು ಸೈನಿಕರಿಗೆ ಹೇಳಿದ್ದರು.

ಹೊರಟರು. 1944ರ ಏಪ್ರಿಲ್ 14ರಂದು ಮಣಿಪುರದ ಲೋಕ್‌ತಾಕ್ ಸರೋವರದ ದಂಡೆಯ ಮೊಯಿರಾಂಗ್‌ನಲ್ಲಿ ಕರ್ನಲ್ ಶೌಕತ್ ಅಲಿ ಮಲಿಕ್ ತ್ರಿವರ್ಣ ಧ್ವಜ ಏರಿಸಿದರು. ಅಲ್ಲೂ ಈ ಸೈನ್ಯದ ಸ್ಮಾರಕವಿದೆ, ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಮುಂದಕ್ಕೆ ಇಂಫಾಲ ಬೀಳಲಿಲ್ಲ. ಮಳೆಗಾಲ ಹಿಡಿಯಿತು, ಅಕ್ಕಿ ಬರಲಿಲ್ಲ. ಗುಂಡಿಗಿಂತ ಮಲೇರಿಯವೂ ರಕ್ತಭೇದಿಯೂ ಹೆಚ್ಚು ಜನರನ್ನು ಕೊಂದವು. ಜುಲೈ ಹೊತ್ತಿಗೆ ಉಳಿದವರು ಕೆಸರಿನಲ್ಲಿ ಕಾಲೆಳೆಯುತ್ತ ಬರ್ಮಾಕ್ಕೆ ಹಿಂದಿರುಗಿದರು. ಮರುವರ್ಷ ರಂಗೂನೂ ಹೋಯಿತು.

ಹಾಗಿದ್ದೂ ಅವರು ಕೆಂಪು ಕೋಟೆಗೆ ಬಂದರು, ಕವಾಯತಿಗಲ್ಲ, ಕಟಕಟೆಗೆ. 1945ರ ನವೆಂಬರ್ 5ರಂದು ಶಾ ನವಾಜ್ ಖಾನ್, ಪ್ರೇಮ್‌ಕುಮಾರ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಎಂಬ ಮೂವರು ಅಧಿಕಾರಿಗಳ ವಿಚಾರಣೆ ಈ ಕೋಟೆಯೊಳಗೇ ಆರಂಭವಾಯಿತು. ರಾಜನ ವಿರುದ್ಧ ಯುದ್ಧ ಹೂಡಿದರೆಂಬುದು ಮುಖ್ಯ ಆಪಾದನೆ. ಒಬ್ಬ ಮುಸಲ್ಮಾನ, ಒಬ್ಬ ಹಿಂದೂ, ಒಬ್ಬ ಸಿಖ್. ದೇಶವನ್ನು ಒಗ್ಗೂಡಿಸಬೇಕೆಂದು ಹುಡುಕಿದ್ದರೂ ಬ್ರಿಟಿಷರಿಗೆ ಇದಕ್ಕಿಂತ ಒಳ್ಳೆಯ ಮೂವರು ಸಿಗುತ್ತಿರಲಿಲ್ಲ! ಭೂಲಾಭಾಯಿ ದೇಸಾಯಿ ವಾದಿಸಿದರು. ಗುಲಾಮರಾಗಿರುವ ಜನಕ್ಕೆ ಬಿಡುಗಡೆಗಾಗಿ ಯುದ್ಧ ಮಾಡುವ ಹಕ್ಕಿದೆ ಎಂಬುದು ಅವರ ವಾದದ ತಿರುಳು. ಎಷ್ಟೋ ವರ್ಷಗಳ ಹಿಂದೆ ಕಳಚಿಟ್ಟಿದ್ದ ವಕೀಲಿ ಗೌನನ್ನು ಜವಾಹರಲಾಲ್ ನೆಹರೂ ಮತ್ತೆ ತೊಟ್ಟು ಬಂದರು. ಮೂವರಿಗೂ ಜೀವಾವಧಿ ಗಡೀಪಾರಿನ ಶಿಕ್ಷೆಯಾಯಿತು. ಊರೂರಿನಲ್ಲಿ ಎದ್ದ ಕಾವನ್ನು ನೋಡಿದ ದಂಡನಾಯಕ ಆಕಿನ್‌ಲೆಕ್ 1946ರ ಜನವರಿಯಲ್ಲಿ ಆ ಶಿಕ್ಷೆಯನ್ನು ರದ್ದು ಮಾಡಿದ. ಇದೇ ಕೋಟೆಯಲ್ಲಿ 1858ರಲ್ಲಿ ಕೊನೆಯ ಬಾದಶಹ ಬಹಾದುರ್ ಶಾ ಜಫರನ ವಿಚಾರಣೆಯೂ ನಡೆದಿತ್ತು. ಅವನನ್ನು ಗಡೀಪಾರು ಮಾಡಿದ್ದು ರಂಗೂನಿಗೆ. ಅವನ ಗೋರಿಗೆ ನಮಸ್ಕರಿಸಿ ಬೋಸರು ದಿಲ್ಲಿಯ ಕಡೆಗೆ ಮುಖ ಮಾಡಿದ್ದರು. ಇಷ್ಟೆಲ್ಲ ನೆನಪಾದ ಮೇಲೆ ಆ ಬೋಳು ಬ್ಯಾರಕ್ಕು ನನಗೆ ದಿವಾನ್-ಇ-ಖಾಸ್‌ಗಿಂತ ದೊಡ್ಡದಾಗಿ ಕಂಡಿತು.

ಹೆಚ್ಚು ಹೊತ್ತು ನಾನು ನಿಂತದ್ದು ಝಾನ್ಸಿ ರಾಣಿ ರೆಜಿಮೆಂಟಿನ ಹುಡುಗಿಯರ ಚಿತ್ರಗಳ ಮುಂದೆ. ಮೊಣಕಾಲಿನವರೆಗೆ ಬಿಗಿದ ಷರಾಯಿ, ಟೋಪಿ, ಹೆಗಲಿಗೆ ಬಂದೂಕು. 1943ರ ಜುಲೈ 12ರಂದು ಸಿಂಗಪುರದಲ್ಲಿ ಬೋಸರಿಗೆ ಮೊದಲ ಸಲ ಗೌರವರಕ್ಷೆ ಕೊಟ್ಟಾಗ ಇಪ್ಪತ್ತು ಜನ ಹೆಂಗಸರು ಸೀರೆಯುಟ್ಟೇ ಬಂದೂಕು ಹಿಡಿದು ನಿಂತಿದ್ದರು. ಅವರನ್ನು ಒಂದುಗೂಡಿಸಿದವರು ಮದರಾಸಿನಲ್ಲಿ ಓದಿ ಸಿಂಗಪುರದಲ್ಲಿ ವೈದ್ಯೆಯಾಗಿದ್ದ ಲಕ್ಷ್ಮಿ ಸ್ವಾಮಿನಾಥನ್. ಆಗ ಅವರಿಗೆ ಇನ್ನೂ ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಆ ಭಾರದ ಬಂದೂಕನ್ನು ಎತ್ತಿ ಸಮನಾಗಿ ಹಿಡಿಯುವುದನ್ನು ಕಲಿಯಲು ಅವರಿಗೆ ಸಿಕ್ಕಿದ್ದು ಕೆಲವೇ ದಿನ. ಎನ್‌ಸಿಸಿಯಲ್ಲಿ ಮರದ ಬಂದೂಕು ಹಿಡಿದೇ ಭುಜ ನೋಯಿಸಿಕೊಂಡ ನಮ್ಮ ಹುಡುಗಿಯರಿಗೆ ಇದು ಏನೆಂದು ಗೊತ್ತು.

ಆಮೇಲೆ ಸೇರಿದವರಲ್ಲಿ ಬಹಳ ಮಂದಿ ಮಲಯದ ರಬ್ಬರ್ ತೋಟಗಳ ತಮಿಳು ಕೂಲಿಗಳ ಮಕ್ಕಳು. ಬೆಳಗಿನ ಜಾವ ಎದ್ದು ಮರ ಗೀರಿ ಹಾಲು ತೆಗೆಯುವವರು. ಅವರಲ್ಲಿ ಅನೇಕರು ಭಾರತವನ್ನು ಒಮ್ಮೆಯೂ ಕಂಡವರಲ್ಲ. ಅವ್ವನ ಬಾಯಲ್ಲಿ ಕೇಳಿದ ಊರು, ಹಬ್ಬದ ಹಾಡಿನಲ್ಲಿ ಬರುವ ಹೊಳೆ, ಅಷ್ಟೇ ಅವರ ದೇಶ. ಅದಕ್ಕಾಗಿ ಸಾಯಲು ಅವರು ಹೆಸರು ಬರೆಸಿದರು. ಒಂದೊಂದು ಸಲ ನನಗೆ ಅನಿಸುತ್ತದೆ, ದೇಶಕ್ಕಾಗಿ ಮಾತ್ರವೇ ಅವರು ಹೋಗಿರಲಿಕ್ಕಿಲ್ಲ. ತೋಟದ ಮೇಸ್ತ್ರಿಯ ಬೈಗುಳ, ಕುಡಿದು ಬರುವ ಗಂಡಸು, ಹದಿನೈದಕ್ಕೇ ಮದುವೆ, ಇವುಗಳಿಂದ ಹೊರಗೆ ಕಾಲಿಡಲು ಅದೊಂದೇ ಬಾಗಿಲು ತೆರೆದಿತ್ತು. ಹಾಗೆ ಹೋದರೆ ಅದು ಕಡಿಮೆ ದೇಶಭಕ್ತಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸ್ವಾತಂತ್ರ್ಯ ಎಂಬ ಮಾತಿನ ರುಚಿ ಅವರಿಗೆ ಸಿಕ್ಕಿದ್ದು ಅಲ್ಲಿಂದಲೇ ಇರಬೇಕು.

ಉಳ್ಳವರ ಮನೆಯ ಹುಡುಗಿಯರೂ ಬಂದರು. ಕೌಲಾಲಂಪುರದ ಜಾನಕಿ ದೇವರ್ ಹದಿಹರೆಯದಲ್ಲಿ ಬೋಸರ ಭಾಷಣ ಕೇಳಲು ಹೋಗಿ, ಅಲ್ಲೇ ಕಿವಿಯ ಓಲೆಗಳನ್ನು ಬಿಚ್ಚಿ ಕೊಟ್ಟವರು. ಕಿವಿ ಬೋಳು ಮಾಡಿಕೊಂಡು ಮನೆಗೆ ಹೋದಾಗ ಏನು ನಡೆದಿರಬಹುದೆಂದು ನಾವೆಲ್ಲ ಊಹಿಸಿಕೊಳ್ಳಬಲ್ಲೆವು. ತಂದೆ ಸೈನ್ಯಕ್ಕೆ ಸೇರಲು ಮೊದಲು ಒಪ್ಪಲಿಲ್ಲ, ಬಹಳ ಹಟ ಮಾಡಿದ ಮೇಲೆ ಒಪ್ಪಿದರು.

ಈ ಹುಡುಗಿಯರು ರಣರಂಗದ ಮುಂಚೂಣಿಯಲ್ಲಿ ಕಾದಾಡಲಿಲ್ಲ. ಬರ್ಮಾದ ಮೇಮ್ಯೊವರೆಗೆ ಹೋದರು, ಇಂಫಾಲದ ಸರದಿಗಾಗಿ ಕಾದರು, ಅದು ಬರಲಿಲ್ಲ. ಗಾಯಾಳುಗಳ ಶುಶ್ರೂಷೆ ಮಾಡಿದರು, ವಿಮಾನದಾಳಿಗಳನ್ನು ಕಂಡರು. 1945ರ ಏಪ್ರಿಲ್ ಕೊನೆಯಲ್ಲಿ ರಂಗೂನು ಬಿಡುವಾಗ ಅವರದೊಂದು ತಂಡ ಬೋಸರ ಜೊತೆಯಲ್ಲೇ ಬ್ಯಾಂಕಾಕಿನತ್ತ ಹೊರಟಿತು. ಹಗಲು ವಿಮಾನಗಳ ಭಯ, ರಾತ್ರಿ ನಡಿಗೆ, ಸುಮಾರು ಮೂರು ವಾರ. ಕೆಲವರು ‘ಅವರು ಯುದ್ಧವನ್ನೇ ಮಾಡಲಿಲ್ಲವಲ್ಲ’ ಎಂದು ಮೂಗು ಮುರಿಯುವುದುಂಟು. ಹೆಣ್ಣುಮಕ್ಕಳನ್ನು ಮದುವೆ ಮನೆಗೆ ಕಳಿಸಲೂ ತಮ್ಮನನ್ನು ಜೊತೆ ಮಾಡುತ್ತಿದ್ದ ಕಾಲ ಅದು ಎಂಬುದನ್ನು ಆ ಮೂಗಿನವರು ಮರೆಯುತ್ತಾರೆ.

ಇನ್ನು ಹೇಳಬೇಕಾದದ್ದೊಂದಿದೆ. ಅದನ್ನು ಹೇಳದೆ ಈ ಸಂಗ್ರಹಾಲಯದ ವಿಷಯ ಬರೆದರೆ ಅರ್ಧ ಬರೆದಂತೆ. ನನ್ನ ತಾಯಿಯ ತಂದೆ ಆ ಯುದ್ಧದಲ್ಲಿ ಎದುರು ಪಕ್ಷದಲ್ಲಿದ್ದವರು.

ಹೇಮಾವತಿ ದಂಡೆಯ ಹಳ್ಳಿಯವರು ತಾತ. ಬೆಳೆ ಕೈಕೊಟ್ಟು ಸಾಲ ಬೆಳೆದಾಗ ಮಿಲಿಟರಿಗೆ ಹೆಸರು ಕೊಟ್ಟರು, ಲಾರಿ ಓಡಿಸುವುದನ್ನು ಅಲ್ಲೇ ಕಲಿತರು. ದಿಮಾಪುರದಿಂದ ಇಂಫಾಲಕ್ಕೆ ಬೆಟ್ಟದ ದಾರಿಯಲ್ಲಿ ಅಕ್ಕಿ, ಗುಂಡು, ಪೆಟ್ರೋಲು ಸಾಗಿಸಿದರು. ಊರಲ್ಲಿ ಅವರಿಗೆ ‘ಮಿಲಿಟರಿ ತಾತ’ ಎಂದೇ ಹೆಸರು. ಆರು ಮೂಲೆಯ ನಕ್ಷತ್ರದಂಥ ಕಂಚಿನ ಬಿಲ್ಲೆ, ಬರ್ಮಾ ಸ್ಟಾರ್, ಅಜ್ಜಿಯ ತಗಡಿನ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇರುತ್ತಿತ್ತು. ‘ನಿಮ್ಮ ತಾತ ಹೋದದ್ದು ದೇಶಕ್ಕಲ್ಲ ಕಣವ್ವ, ಹೊಟ್ಟೆಗೆ’ ಎನ್ನುತ್ತಿದ್ದರು ಅಜ್ಜಿ. ಆಗಸ್ಟ್ ಹದಿನೈದರಂದು ಊರಿನ ಸ್ವಾತಂತ್ರ್ಯ ಹೋರಾಟಗಾರರೊಬ್ಬರಿಗೆ ಶಾಲೆಯಲ್ಲಿ ಶಾಲು ಹೊದಿಸುತ್ತಿದ್ದರು. ತಾತ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಬೋಸರ ಸೈನ್ಯದವರನ್ನು ‘ಜಿಫ್’ ಎಂದು ಕರೆಯಲು ಬ್ರಿಟಿಷರು ತಮ್ಮ ಸಿಪಾಯಿಗಳಿಗೆ ಕಲಿಸಿದ್ದರು, ಜಪಾನಿನ ಬಾಲಂಗೋಚಿಗಳು ಎಂಬ ಅರ್ಥದಲ್ಲಿ. ತಾತನ ಬಾಯಲ್ಲಿ ಆ ಶಬ್ದ ಒಂದೇ ಒಂದು ಸಲ ಕೇಳಿದ್ದೇನೆ. ಯುದ್ಧ ಮುಗಿದ ಮೇಲೆ ರಂಗೂನಿನಲ್ಲಿ ಅಂಥ ಕೈದಿಗಳನ್ನು ಬಂದರಿಗೆ ಸಾಗಿಸುವ ಕೆಲಸ ಅವರ ಲಾರಿಗೆ ಬಿತ್ತಂತೆ. ಹಿಂದಿನಿಂದ ಒಬ್ಬ ತಮಿಳಿನಲ್ಲಿ ‘ಅಣ್ಣೇ, ಬೀಡಿ ಇದೆಯಾ?’ ಎಂದು ಕೇಳಿದನಂತೆ.

‘ಕೊಟ್ರಾ ತಾತ?’ ಎಂದು ಕೇಳಿದೆ.

‘ಕೊಡದೆ ಇನ್ನೇನವ್ವ ಮಾಡಲಿ? ಅಣ್ಣಾ ಅಂದನಲ್ಲ.’

ಅಷ್ಟೇ ಅವರು ಹೇಳಿದ್ದು. ಆ ಯುದ್ಧದಲ್ಲಿ ಬ್ರಿಟಿಷರ ಕೆಳಗೆ ದುಡಿದ ಭಾರತೀಯ ಸಿಪಾಯಿಗಳು 25 ಲಕ್ಷ. ಬೋಸರ ಸೈನ್ಯದಲ್ಲಿದ್ದವರು ಸುಮಾರು 40 ಸಾವಿರ. ಅಂದರೆ ನಮ್ಮ ಊರುಗಳಲ್ಲಿ ಹೆಚ್ಚು ಮನೆಗಳ ಟ್ರಂಕಿನಲ್ಲಿ ಇರುವುದು ತಾತನಂಥ ಬಿಲ್ಲೆಯೇ. ಆದರೆ ಕೋಟೆಯೊಳಗೆ ಗಾಜಿನ ಪೆಟ್ಟಿಗೆ ಸಿಕ್ಕಿದ್ದು ಸೋತು ಕಟಕಟೆ ಹತ್ತಿದವರ ಬಿಲ್ಲೆಗೆ. ಅದು ಸರಿಯೇ. ನಾನು ತಕರಾರು ಮಾಡುತ್ತಿಲ್ಲ. ಗೆದ್ದ ಸೈನ್ಯಕ್ಕೆ ರಾಜನ ಪದಕ ಸಿಕ್ಕಿತ್ತು, ಸಂಬಳ ಸಿಕ್ಕಿತ್ತು. ಇವರಿಗೆ ಸ್ವತಂತ್ರ ಭಾರತದ ಸೈನ್ಯದಲ್ಲೂ ಮರಳಿ ಜಾಗ ಸಿಗಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬಂದದ್ದು 1972ರಲ್ಲಿ, ಅಷ್ಟರಲ್ಲಿ ಎಷ್ಟೋ ಮಂದಿ ಹೋಗಿಬಿಟ್ಟಿದ್ದರು. ಆದರೂ ಖಡ್ಗದ ಮುಂದೆ ನಿಂತಾಗ ಬೆನ್ನ ಹಿಂದೆ ತಾತ ನಿಂತಿದ್ದ ಹಾಗೆ ಇತ್ತು.

ಹೀಗೆ ಎರಡೂ ಕಡೆ ಇದ್ದ ಮನೆ ನಮ್ಮ ಕೊಡಗಿನಲ್ಲೇ ಒಂದಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಜನರಲ್ ತಿಮ್ಮಯ್ಯನವರ ಮನೆ. 1945ರ ಜನವರಿಯಲ್ಲಿ ಬರ್ಮಾದ ಅರಾಕಾನಿನ ಕಂಗಾವ್ ಕದನದಲ್ಲಿ ತಿಮ್ಮಯ್ಯನವರು ಬ್ರಿಟಿಷ್ ಭಾರತದ ಸೈನ್ಯದ ಒಂದು ಪಡೆಯನ್ನು ನಡೆಸುತ್ತಿದ್ದರು. ಅದರ ಧೈರ್ಯಕ್ಕೆ ದೊಡ್ಡ ಪದಕ ಪಡೆದರು. ಅವರ ಅಣ್ಣ ಪೊನ್ನಪ್ಪನವರು ಸೇರಿದ್ದು ಆಜಾದ್ ಹಿಂದ್ ಫೌಜಿಗೆ. ಒಬ್ಬ ತಾಯಿಯ ಇಬ್ಬರು ಮಕ್ಕಳು. ಆ ತಾಯಿ ದೇವರ ಮುಂದೆ ದೀಪ ಹಚ್ಚುವಾಗ ಯಾರು ಗೆಲ್ಲಲಿ ಎಂದು ಕೇಳಿಕೊಂಡಿರಬಹುದು? ಮಡಿಕೇರಿಯಲ್ಲಿ ಅವರ ‘ಸನ್ನಿಸೈಡ್’ ಮನೆ ಎಷ್ಟೋ ವರ್ಷ ಆರ್‌ಟಿಒ ಕಚೇರಿಯಾಗಿತ್ತು. ಲೈಸೆನ್ಸಿಗೆಂದು ಸರದಿಯಲ್ಲಿ ನಿಂತವರಿಗೆ ಅದು ಯಾರ ಮನೆ ಎಂಬುದರ ಗೊಡವೆ ಎಲ್ಲಿಯದು? 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ತಿಮ್ಮಯ್ಯನವರ ಸ್ಮಾರಕ ಸಂಗ್ರಹಾಲಯವಾಗಿ ಉದ್ಘಾಟಿಸಿದರು. ಮಡಿಕೇರಿಗೆ ಹೋದಾಗ ರಾಜಾಸೀಟು ನೋಡಿ ಕಾಫಿಪುಡಿ ಕೊಂಡು ವಾಪಸಾಗುವವರು ಅಲ್ಲಿಗೂ ಒಂದು ಗಳಿಗೆ ಹೋಗಿ ಬರಬೇಕು.

ಕೆಂಪು ಕೋಟೆಯಲ್ಲಿ ನಾನು ನೋಡಿದಷ್ಟರಲ್ಲಿ ಕಾಣದ ಸಂಗತಿಗಳೂ ಇವೆ. ಸೈನ್ಯಕ್ಕೆ ಸೇರಲು ಒಪ್ಪದ ಸಾವಿರಾರು ಭಾರತೀಯ ಕೈದಿಗಳನ್ನು ಜಪಾನೀಯರು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗೆ ಒಯ್ದರು. ಹಸಿವಿನಿಂದ, ಹೊಡೆತದಿಂದ ಬಹಳ ಮಂದಿ ಅಲ್ಲೇ ಸತ್ತರು. ಕೊಟ್ಟ ಮಾತಿಗೆ ತಪ್ಪಬಾರದೆಂದು ನಿಂತವರು ಅವರು. ಅವರದೂ ಒಂದು ನಿಷ್ಠೆ. 1943ರ ಡಿಸೆಂಬರ್ 30ರಂದು ಬೋಸರು ಅಂಡಮಾನಿನಲ್ಲಿ ಧ್ವಜ ಏರಿಸಿದ ದಿನಗಳಲ್ಲೇ, ಅಲ್ಲಿಯ ಸೆಲ್ಯುಲರ್ ಜೈಲಿನಲ್ಲಿ ವೈದ್ಯರೂ ಕವಿಯೂ ಆದ ದಿವಾನ್ ಸಿಂಗ್ ಅವರನ್ನು ಜಪಾನೀಯರು ಹಿಂಸಿಸುತ್ತಿದ್ದರು. ಎರಡು ವಾರ ಕಳೆದು, ಜನವರಿ 14ರಂದು ಅವರು ತೀರಿಕೊಂಡರು. ಇದನ್ನು ಬರೆದರೆ ಬೋಸರ ದೊಡ್ಡತನಕ್ಕೆ ಕುಂದೇನೂ ಬರದು. ಅತ್ತ ದರಿ ಇತ್ತ ಪುಲಿ ಎಂಬ ಕಾಲದಲ್ಲಿ ಅವರು ಒಂದು ಕಡೆಗೆ ಹೆಜ್ಜೆ ಇಟ್ಟರು, ಆ ಕಡೆ ಏನಿತ್ತು ಎಂಬುದೂ ಮಕ್ಕಳಿಗೆ ತಿಳಿಯಲಿ. ಗಾಜಿನ ಪೆಟ್ಟಿಗೆಯಲ್ಲಿ ಎಲ್ಲವೂ ಹೊಳೆಯುವ ಹಾಗೆ ಇಟ್ಟರೆ ಮಕ್ಕಳು ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನಾನು ನಿಂತಿದ್ದಾಗಲೂ ಹಾಗೇ ಆಯಿತು. ಸಮವಸ್ತ್ರದ ಮುಂದೆ ನಿಂತು ಸೆಲ್ಯೂಟ್ ಹೊಡೆದು, ಫೋಟೋ ತೆಗೆಸಿಕೊಂಡು, ‘ಮುಂದೆ ಏನಿದೆ?’ ಎಂದು ಓಡಿದರು.

ಹೊರಗೆ ಬಂದಾಗ ಕಿತ್ತಳೆ ಮುಗಿದಿತ್ತು. ನಾದಿನಿ ‘ಇಷ್ಟು ಹೊತ್ತು ಅದೇನಿತ್ತು ಅತ್ತಿಗೆ ನೋಡಲಿಕ್ಕೆ?’ ಎಂದಳು. ಕಿವಿಯೋಲೆ ಬಿಚ್ಚಿ ಕೊಟ್ಟ ಹುಡುಗಿಯ ಕಥೆ ಹೇಳಿದೆ. ಅವಳ ಕೈ ತಾನಾಗಿಯೇ ತನ್ನ ಬೆಂಡೋಲೆಗೆ ಹೋಯಿತು. ‘ವಾಪಸು ಕೊಟ್ರಂತಾ?’ ಎಂದು ಕೇಳಿದಳು.

ಊರಿಗೆ ಬಂದ ಮೇಲೆ ಹತ್ತನೇ ತರಗತಿಗೆ ಆ ಪಾಠ ಬಂತು. ಪುಸ್ತಕದಲ್ಲಿ ಈ ಸೈನ್ಯಕ್ಕೆ ಸಿಗುವುದು ಕೆಲವೇ ಸಾಲು. ತಂಗಿಯ ಮನೆಯಿಂದ ತಾತನ ಬಿಲ್ಲೆಯನ್ನು ತರಿಸಿ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಪತ್ರಿಕೆಯಿಂದ ಕತ್ತರಿಸಿದ ಲಕ್ಷ್ಮಿಯವರ ಚಿತ್ರ. ಅವರ ಮುಂದಿನ ಬಾಳನ್ನೂ ಹೇಳಿದೆ. ಬರ್ಮಾದಲ್ಲಿ ಸೆರೆ ಸಿಕ್ಕಿ 1946ರಲ್ಲಿ ಭಾರತಕ್ಕೆ ಬಂದದ್ದು, ಮರುವರ್ಷ ಕೆಂಪು ಕೋಟೆಯ ಆ ಮೂವರಲ್ಲೊಬ್ಬರಾದ ಪ್ರೇಮ್ ಸೆಹಗಲ್ ಅವರನ್ನು ಮದುವೆಯಾದದ್ದು, ಕಾನ್ಪುರದಲ್ಲಿ ಬಡವರಿಗಾಗಿ ದವಾಖಾನೆ ನಡೆಸಿ ತೊಂಬತ್ತು ದಾಟಿದ ಮೇಲೂ ರೋಗಿಗಳನ್ನು ನೋಡುತ್ತಿದ್ದದ್ದು, 2002ರಲ್ಲಿ ಅಬ್ದುಲ್ ಕಲಾಂ ಅವರೆದುರು ರಾಷ್ಟ್ರಪತಿ ಚುನಾವಣೆಗೆ ನಿಂತದ್ದು, 2012ರ ಜುಲೈ 23ರಂದು ತೀರಿಕೊಂಡಾಗ ದೇಹವನ್ನೂ ವೈದ್ಯಕೀಯ ಕಾಲೇಜಿಗೆ ಬಿಟ್ಟು ಹೋದದ್ದು. ಓಲೆ ಕೊಟ್ಟ ಜಾನಕಿ ಮಲೇಷ್ಯದ ಸಂಸತ್ತಿನ ಮೇಲ್ಮನೆಯ ಸದಸ್ಯೆಯಾದದ್ದನ್ನೂ ಹೇಳಿದೆ. ನಾವು ದಿನಾ ಪ್ರಾರ್ಥನೆಯ ಕೊನೆಗೆ ಹೇಳುವ ‘ಜೈ ಹಿಂದ್’ ಈ ಸೈನ್ಯದವರು ಒಬ್ಬರಿಗೊಬ್ಬರು ಹೇಳುತ್ತಿದ್ದ ನಮಸ್ಕಾರ ಎಂದಾಗ ಹಿಂದಿನ ಬೆಂಚಿನ ಗಂಡುಹುಡುಗರೂ ತಲೆ ಎತ್ತಿದರು.

ಮುಂದಿನ ಸಾಲಿನ ಒಬ್ಬಳು ಬಿಲ್ಲೆಯನ್ನೂ ಚಿತ್ರವನ್ನೂ ಬದಲು ಬದಲಾಗಿ ನೋಡುತ್ತಿದ್ದಳು. ಅವಳಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರು.

‘ಮಿಸ್, ನಿಮ್ಮ ತಾತ, ಈ ಡಾಕ್ಟ್ರು, ಇಬ್ರೂ ಕಾಡಲ್ಲಿ ಎದುರುಬದುರು ಸಿಕ್ಕಿದ್ರೆ?’

‘ಸಿಕ್ಕಿದ್ದರೆ?’ ಎಂದೆ.

ಅವಳು ಸ್ವಲ್ಪ ಯೋಚಿಸಿದಳು. ‘ನಿಮ್ಮ ತಾತಂಗೆ ಮಲೇರಿಯ ಬಂದಿತ್ತು ಅಂದ್ರಲ್ಲ ಮಿಸ್, ಅವತ್ತೇ ಸಿಕ್ಕಿದ್ರೆ ಇವರು ಮಾತ್ರೆ ಕೊಡ್ತಿದ್ರು.’

ಬೆಲ್ಲು ಹೊಡೆಯಿತು. ಮುಂದಿನದು ಗಣಿತ. ಬಿಲ್ಲೆಯನ್ನು ಕರ್ಚೀಫಿನಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡೆ.